ಹಳೆಹೊಳೆಯ ಕೆಮ್ಮಣ್ಣು

ಮೀನು ಹಿಡಿಯುವ ಬಿದಿರಿನ ಕೂಳಿ ಎತ್ತಲು ಬಂದ ಮಾರಪ್ಪನ ಕೈಗೆ ಒಂದು ಬೂಟು ಸಿಕ್ಕಿತು. ಎಳೆದ. ಬರಲಿಲ್ಲ. ಬೂಟಿನೊಳಗೆ ಕಾಲಿತ್ತು.

ಅಡ್ಡಗದ್ದೆಯ ಹತ್ತಿರ ತುಂಗೆ ಒಂದು ಕಾಲದಲ್ಲಿ ಹರಿಯುತ್ತಿದ್ದ ಜಾಗಕ್ಕೆ ಊರವರು ಹಳೆಹೊಳೆ ಎನ್ನುತ್ತಾರೆ. ಹೊಳೆ ಆಚೆ ಸರಿದಿದೆ. ಇಲ್ಲಿ ಉಳಿದದ್ದು ಕೇದಗೆ, ಜೊಂಡು, ಮೊಣಕಾಲುದ್ದ ಕೆಸರು.

ಸಬ್ ಇನ್‌ಸ್ಪೆಕ್ಟರ್ ನೀಲಾಂಬಿಕೆ ಎದುರಿಗೇ ನಿಂತು ಅಗೆಸಿದಳು. ಮೇಲೆ ಹಸಿ ಸೊಪ್ಪು. ಅದರ ಕೆಳಗೆ ಕೆಮ್ಮಣ್ಣು. ಮಣ್ಣಿನ ಕೆಳಗೆ ಸಂದೇಶ, ಕೊಪ್ಪದ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ ಮೇಷ್ಟ್ರು. ಈ ಜೌಗಿನ ಬಗ್ಗೆ ವರದಿ ಮಾಡುತ್ತೇನೆಂದು ಬಂದವನು ಮೊನ್ನೆಯಿಂದ ಕಾಣೆಯಾಗಿದ್ದ.

"ದಡ ಕುಸಿದಿದೆ ಮೇಡಂ. ಸೊಪ್ಪು ನೆರೆ ತಂದದ್ದು" ಎಂದ ಹೆಡ್ ಕಾನ್‌ಸ್ಟೆಬಲ್ ಕರಿಬಸವಯ್ಯ.

ಅವಳು ಹೆಣದ ತಲೆ ಮೆಲ್ಲಗೆ ತಿರುಗಿಸಿದಳು. ಹಿಂಭಾಗದಲ್ಲಿ ಗುದ್ದಲಿ ಬಿದ್ದಂಥ ಆಳವಾದ ಗಾಯ.

"ದಡ ಗುದ್ದಲಿ ಹಿಡ್ಕೊಂಡು ಕುಸಿಯುತ್ತಾ?"

* * *

ಸಂಜೆಯೊಳಗೆ ಮಾರಪ್ಪ ಠಾಣೆಯಲ್ಲಿದ್ದ. ಅವನು ಕದ್ದು ಮರಳು ತೆಗೆಯುವುದನ್ನು ಸಂದೇಶ ಫೋಟೋ ಹಿಡಿದಿದ್ದ. ಊರಿನ ಕ್ಯಾಂಟೀನಿನಲ್ಲಿ ಇಬ್ಬರಿಗೂ ಜಗಳವಾಗಿತ್ತು. ಊರೆಲ್ಲ ಕೇಳಿಸಿಕೊಂಡಿತ್ತು.

"ಬೈದದ್ದು ಹೌದು. ಹೊಳೆಗೆ ತಳ್ತೀನಿ ಅಂದದ್ದೂ ಹೌದು" ಎಂದ ಮಾರಪ್ಪ. "ಆದ್ರೆ ಕೊಂದಿದ್ರೆ, ಹೆಣ ತೋರ್ಸೋಕೆ ನಾನೇ ಯಾಕೆ ಓಡಿ ಬರ್ಲಿ?"

"ಬುದ್ಧಿವಂತರು ಹಾಗೇ ಮಾಡೋದು" ಎಂದ ಕರಿಬಸವಯ್ಯ.

"ಬುದ್ಧಿ ಇದ್ದಿದ್ರೆ ಚಳಿಯಲ್ಲಿ ಮುಳುಗಿ ಮರಳು ತೆಗೀತಿದ್ನಾ ಮಾರಾಯ್ರೆ?"

ಸರ್ಕಲ್ ಇನ್‌ಸ್ಪೆಕ್ಟರ್ ಫೋನಿನಲ್ಲೇ ತೀರ್ಮಾನ ಹೇಳಿದರು. ನಾಳೆ ಮಧ್ಯಾಹ್ನ ಮಾರಪ್ಪನನ್ನು ಕೋರ್ಟಿಗೆ ಒಪ್ಪಿಸಬೇಕು. ಕೊಲೆ ಕೇಸು. ಜಾಮೀನು ತರಲು ಅವನಿಗೆ ಯಾರೂ ಇಲ್ಲ.

ನೀಲಾಂಬಿಕೆಯನ್ನು ಆ ಸೊಪ್ಪು ಸುಮ್ಮನಿರಲು ಬಿಡಲಿಲ್ಲ. ನೆರೆ ತಂದ ಕಸ ಹೇಗಿರುತ್ತದೆ? ಕಡ್ಡಿ, ಬೇರು, ಪ್ಲಾಸ್ಟಿಕ್ ಬಾಟಲಿ, ಎಲ್ಲ ಸಿಕ್ಕುಸಿಕ್ಕು. ಇಲ್ಲಿ ಬರೀ ಮತ್ತಿ ಮರದ ಸೊಪ್ಪಿತ್ತು. ಚಾಪೆ ಹಾಸಿದ ಹಾಗೆ. ಇಷ್ಟು ಸಣ್ಣದಕ್ಕೆ ಸರ್ಕಲ್‌ಗೆ ಎದುರಾಡಬಹುದೇ? ಮರುದಿನ ಬೆಳಿಗ್ಗೆ ಕರಿಬಸವಯ್ಯನನ್ನು ಕರೆದುಕೊಂಡು ಜೀಪು ತೆಗೆಸಿದಳು.

* * *

ಜೊಂಡಿನ ನಡುವೆ ಒಂದು ಪಿವಿಸಿ ಪೈಪು ಬಿದ್ದಿತ್ತು. ಪಕ್ಕದಲ್ಲೇ ಕೆಸರಿನಲ್ಲಿ ಅದೇ ಗಾತ್ರದ ತೂತುಗಳು. ಹಾಗಾದರೆ ಸಂದೇಶ ಪೈಪು ಇಳಿಸಿ ಜೌಗಿನ ಹೊಟ್ಟೆಯ ಪದರ ನೋಡುತ್ತಿದ್ದ. ಅವಳೂ ಪೈಪು ಒತ್ತಿದಳು.

"ಎಂತ ಮೇಡಂ, ಪೊಲೀಸರೂ ಬೋರ್‌ವೆಲ್ ಶುರು ಮಾಡಿದ್ರಾ?"

ಪಕ್ಕದ ತೋಟದ ಯಶವಂತ. ನಗುಮೊಗದ ಆಸಾಮಿ.

"ಈ ಜೌಗು ಇಷ್ಟು ಬೇಗ ಹೇಗೆ ತುಂಬ್ತು ಯಶವಂತಣ್ಣ?"

"ಹೊಳೆ ತುಂಬ್ಸ್ತು. ಪ್ರತಿ ಮಳೆಗಾಲ ನೆರೆಯ ಗೋಡುಮಣ್ಣು ತಂದು ಹಾಕತ್ತೆ. ಸ್ವಲ್ಪ ವರ್ಷ ಬಿಟ್ರೆ ಅಡಿಕೆ ಸಸಿ ಇಡ್ಲಿಕ್ಕಾಗತ್ತೆ."

ಅವಳು ಪೈಪು ಎಳೆದು ಅಡಿಕೆ ಹಾಳೆಯ ಮೇಲೆ ತಟ್ಟಿದಳು. ಕೆಸರಿನ ಕೋಲು ಹೊರಬಿತ್ತು. ತಳದಲ್ಲಿ ಬೂದು ಗೋಡು. ಮೇಲೆ ಕೆಮ್ಮಣ್ಣು. ಅದರ ಮೇಲೆ ಕೊಳೆತ ಎಲೆ. ಮತ್ತೆ ತೆಳ್ಳಗೆ ಗೋಡು. ಮತ್ತೆ ಕೆಮ್ಮಣ್ಣು, ಮತ್ತೆ ಎಲೆ.

ಯಶವಂತನ ನಗು ನಿಂತಿತು.

"ನಿಮ್ಮ ಗುಡ್ಡ ಜೆಸಿಬಿಯಲ್ಲಿ ಕಡಿಸಿದ್ದು ಇಲ್ಲಿಗೇ ಕಾಣ್ತಿದೆ. ಆ ಮಣ್ಣೆಲ್ಲ ಎಲ್ಲಿ ಹೋಯ್ತು?"

"ತೋಟಕ್ಕೆ."

"ನಡೀರಿ, ತೋಟ ನೋಡೋಣ."

* * *

ತೋಟದಲ್ಲಿ ಹಳೆ ಸೊಪ್ಪು ಕಪ್ಪಾಗಿ ಮಲಗಿತ್ತು. ಎಲ್ಲಿ ಕೆದಕಿದರೂ ಹೊಸ ಮಣ್ಣಿಲ್ಲ. ತೋಟಕ್ಕೆ ಸೊಪ್ಪು ಕಡಿಯಲು ಇಟ್ಟ ಮೇಲಿನ ಸೊಪ್ಪಿನಬೆಟ್ಟದಲ್ಲಿ ಮಾತ್ರ ಮತ್ತಿ ಮರಗಳ ಕೊಂಬೆ ಈಚೆಗೆ ಕಡಿದದ್ದು. ಗಾಯ ಇನ್ನೂ ಹಸಿ.

"ಸೊಪ್ಪು ಕಡಿದ್ರಿ, ತೋಟಕ್ಕೆ ಹಾಕಿಲ್ಲ. ಮಣ್ಣು ತೆಗೆದ್ರಿ, ತೋಟಕ್ಕೆ ಹಾಕಿಲ್ಲ" ಎಂದಳು ನೀಲಾಂಬಿಕೆ. "ಪ್ರತಿ ಮಳೆಗಾಲ ಹೊಳೆಯ ಹೆಸರಲ್ಲಿ ಜೌಗು ತುಂಬಿಸಿದ್ದು ನೀವು. ಸಂದೇಶ ಪೈಪು ಎಳೆದಾಗ ಅದು ಬಯಲಾಯ್ತು. ವರದಿ ಹೋದರೆ ಒತ್ತುವರಿ ಗೊತ್ತಾಗಿ ಜಾಗ ಕೈತಪ್ಪತ್ತೆ. ಗುದ್ದಲಿಯಲ್ಲಿ ಹೊಡೆದ್ರಿ, ಮಣ್ಣು ಮುಚ್ಚಿದ್ರಿ."

"ಮಾರಪ್ಪನೂ ಮುಚ್ಚಬಹುದಲ್ಲ!"

"ಮುಚ್ಚಬಹುದು. ಆದ್ರೆ ಅವನಿಗೆ ತೋಟ ಇಲ್ಲ, ಸೊಪ್ಪಿನಬೆಟ್ಟ ಇಲ್ಲ, ಈ ಗುಡ್ಡದ ಕೆಮ್ಮಣ್ಣೂ ಇಲ್ಲ. ಹೊಸ ಮಣ್ಣು ಮಳೆಗೆ ತೊಳೆದು ಹೋಗಬಾರದು ಅಂತ ಮೇಲೆ ಸೊಪ್ಪು ಹೊದಿಸೋದು ತೋಟದವರ ಕೈಗೆ ಹತ್ತಿದ ಕೆಲಸ. ಹೆಣ ಮುಚ್ಚುವಾಗಲೂ ನಿಮ್ಮ ಕೈ ಅದನ್ನ ಬಿಡಲಿಲ್ಲ. ಹೊಳೆ ಗೋಡು ಹಾಕತ್ತೆ, ದಡ ಕೊರೆಯತ್ತೆ. ಸೊಪ್ಪು ಹೊದಿಸಲ್ಲ."

ಕರಿಬಸವಯ್ಯ ಪಂಪ್‌ಶೆಡ್ಡಿನ ಹಿಂದಿನಿಂದ ಗುದ್ದಲಿ ತಂದ. ತೊಳೆದಿತ್ತು. ಹಿಡಿಯ ಬಿರುಕು ಮಾತ್ರ ಕಪ್ಪಗಿತ್ತು, ರಕ್ತ ಹೆಪ್ಪುಗಟ್ಟಿ.

ಯಶವಂತ ಅಡಿಕೆ ಮರಕ್ಕೆ ಒರಗಿ ಕುಸಿದ. "ಹೊಳೆ ಹೇಗೂ ತುಂಬಿಸ್ತಿತ್ತು ಮೇಡಂ... ನಾನು ಸ್ವಲ್ಪ ಬೇಗ ಮಾಡಿದೆ, ಅಷ್ಟೇ. ಅವ್ನು ಕೇಳ್ಲಿಲ್ಲ."

* * *

ಮಧ್ಯಾಹ್ನ ಕೋರ್ಟಿಗೆ ಹೋದ ಜೀಪಿನಲ್ಲಿ ಮಾರಪ್ಪ ಇರಲಿಲ್ಲ. ಅವನು ಠಾಣೆಯ ಮೆಟ್ಟಿಲ ಮೇಲೆ ನಿಂತಿದ್ದ, ಬಿಟ್ಟದ್ದನ್ನು ನಂಬದೆ.

"ಹೋಗ್ಲಾ ಮೇಡಂ?"

"ಹೋಗು. ಆದ್ರೆ ಒಂದು ಕೇಳಿಸ್ಕೋ. ಮರಳು ತೆಗೆದು ತೆಗೆದು ಹೊಳೆಯ ತಳ ತಗ್ಗಾಗಿದೆ. ಅದಕ್ಕೇ ನೆರೆ ನೀರು ಹಳೆಹೊಳೆಗೆ ಮೊದಲಿನಷ್ಟು ಏರ್ತಿಲ್ಲ. ಜೌಗು ಒಣಗ್ತಾ ಬಂದದ್ದಕ್ಕೇ ಯಶವಂತನಿಗೆ ಆಸೆ ಹುಟ್ಟಿದ್ದು."

ಮಾರಪ್ಪ ತಲೆ ಕೆರೆದುಕೊಂಡ. "ಅದಕ್ಕೆ ಯಾವ ಸೆಕ್ಷನ್?"

"ಅದಕ್ಕೂ ಒಂದಿದೆ. ಸಂದೇಶ ತೆಗೆದ ಫೋಟೋ ಈಗ ನನ್ನ ಹತ್ರ ಇದೆ."

ಮಾರಪ್ಪ ಚಪ್ಪಲಿ ಮೆಟ್ಟಿಕೊಂಡ. "ನಾಳೆ ಮರಳಿನ ದೋಣಿ ತಂದು ಒಪ್ಪಿಸ್ತೇನೆ" ಎಂದು ಮೆಟ್ಟಿಲಿಳಿದ.