ಸೊಂಡಿಲು ಚಾಚುವವರೆಗೆ

ಈಗಲೇ ಹೇಳಿಬಿಡಲೇ? ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಮೂಗಿನೆದುರಿಗೆ ಆನೆಯ ಸೊಂಡಿಲು. ಇಂಥ ಹೊತ್ತಿನಲ್ಲಿ ಯಾರಾದರೂ ಹೇಳುತ್ತಾರೆಯೇ? ಆದರೆ ತರಬೇತಿ ಇವತ್ತಿಗೆ ಮುಗಿಯುತ್ತದೆ. ನಾಳೆ ಬೆಳಿಗ್ಗೆ ಅವಳು ತನ್ನೂರಿನ ಬಸ್ಸು ಹತ್ತುತ್ತಾಳೆ. ಆಮೇಲೆ ಯಾರಿಗೆ ಹೇಳುವುದು, ಆನೆಗೋ?

"ಡಾಕ್ಟ್ರೇ, ಧ್ಯಾನ ಆಮೇಲೆ ಮಾಡಿ. ಚೀಲ ಹಿಡೀರಿ," ಪಕ್ಕದಲ್ಲಿ ಸಿರಿಂಜ್ ಹಿಡಿದು ನಿಂತಿದ್ದ ಅವಳು ಅವನನ್ನು ಎಚ್ಚರಿಸಿದಳು.

ಸಾಕಾನೆಗಳ ಆರೈಕೆ ಕಲಿಯಲು ಬಂದ ಪಶುವೈದ್ಯರಿಗೆಲ್ಲ ಇವತ್ತು ಜೋಡಿಯಾಗಿ ಕೊನೆಯ ಪರೀಕ್ಷೆ. ಅವಳು ಸೊಂಡಿಲೊಳಗೆ ಉಪ್ಪುನೀರು ಬಿಡಬೇಕು. ಆನೆ ಸೊಂಡಿಲನ್ನು ಎತ್ತಿ, ಇಳಿಸಿ, ಊದಿದಾಗ ಹೊರಬರುವ ನೀರನ್ನು ಅವನು ಚೀಲದಲ್ಲಿ ಹಿಡಿಯಬೇಕು. ಆನೆಗೆ ಕ್ಷಯ ಇದೆಯೋ ಇಲ್ಲವೋ ತಿಳಿಯುವುದು ಆ ನೀರಿನಿಂದ.

ಅವಳು ಸಿರಿಂಜ್ ಒತ್ತಿದಳು. ಹಣೆಗಂಟಿದ ಕೂದಲನ್ನು ಭುಜದಿಂದ ಸರಿಸಿಕೊಂಡಳು. ಅವನು ಅದನ್ನೇ ನೋಡಿದ. ಆನೆ ಊದಿತು.

ಚೀಲ ಒಂದು ಕಡೆ, ಸೊಂಡಿಲು ಇನ್ನೊಂದು ಕಡೆ. ಇಬ್ಬರಿಗೂ ತಲೆಸ್ನಾನ!

"ನೋಡ್ಬೇಕಾದ್ದು ಆನೆನ, ನನ್ನನ್ನಲ್ಲ," ಎಂದು ಅವಳು ಕೆನ್ನೆ ಒರೆಸಿಕೊಳ್ಳುತ್ತ ಪಿಸುಗುಟ್ಟಿದಳು. ಅವನ ಕಿವಿ ಬಿಸಿಯಾದವು.

ಎರಡನೆಯ ಸಲಕ್ಕೆ ಸಿದ್ಧರಾಗುವಷ್ಟರಲ್ಲಿ ಆನೆ ನಡುವಿನ ಕಂಬಿಗಳಿಂದ ಹಿಂದೆ ಸರಿದು ಬೆನ್ನು ತಿರುಗಿಸಿತು.

"ಮಾವುತರನ್ನ ಕರೆದು ಹಿಡಿಸೋಣ್ವಾ?" ಅವನು ಕೇಳಿದ. "ಇಲ್ಲಾಂದ್ರೆ ನೀವು ಫೇಲ್ ಆಗ್ತೀರಿ."

"ನಾನೊಬ್ಬಳೇ ಏನಲ್ಲ, ನೀವೂ. ಆದ್ರೆ ಆಗ್ಲಿ ಬಿಡಿ. ಆನೆಗೆ ಬೇಡ ಅಂದ್ರೆ ಬೇಡ. ಕಾಯೋಣ."

ಕಾದರು. ಕಟ್ಟೆಯ ಮೇಲೆ ಒದ್ದೆ ತೋಳಿಗೆ ಒದ್ದೆ ತೋಳು ತಾಗಿತ್ತು; ಯಾರೂ ಸರಿದು ಕೂರಲಿಲ್ಲ. ಆನೆ ಮೈಮೇಲೆ ಮಣ್ಣೆರಚಿಕೊಂಡಿತು. ಪರೀಕ್ಷೆ ನಡೆಸುತ್ತಿದ್ದ ಮೇಡಂ ದೂರದ ಕುರ್ಚಿಯಲ್ಲಿ ಆಕಳಿಸಿದರು. ಅವನು ಚೀಲದ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

ಕೊನೆಗೆ ಆನೆ ತಾನಾಗಿಯೇ ಬಂದು ಸೊಂಡಿಲು ಚಾಚಿತು. ನೀರು ಬಿಟ್ಟಾಯಿತು, ಸೊಂಡಿಲು ಎದ್ದಿತು, ಇಳಿಯಿತು, ಭುಸ್!

"ಸಿಕ್ತು!" ಇಬ್ಬರೂ ಒಟ್ಟಿಗೆ ಕೂಗಿದರು.

"ಪಾಸು. ಹೋಗಿ ಮುಖ ತೊಳ್ಕೊಳ್ಳಿ," ಮೇಡಂ ನಕ್ಕರು.

ನಲ್ಲಿಯ ಹತ್ತಿರ ಅವಳು ತಟ್ಟನೆ ತಿರುಗಿ ನಿಂತಳು. "ಆನೆನೇ ಮನಸ್ಸು ಮಾಡ್ತು. ನೀನ್ಯಾವಾಗ?"

ನೂರು ಮಾತು ಗಂಟಲಿಗೆ ನುಗ್ಗಿದವು. ಹೊರಬಂದದ್ದು ಒಂದೇ. "ನಾಳೆ ಬಸ್ಸಿಗೆ... ನಾನೂ ಬರ್ಲಾ?"

"ನಮ್ಮಮ್ಮನಿಗೆ ಯಾರು ಅಂತ ಹೇಳ್ಲಿ? ಆನೆ ಸಿಂಬಳ ಹಿಡಿಯೋರು ಅಂತ್ಲಾ?"

"ಎರಡನೇ ಸಲಕ್ಕೆ ಸರಿಯಾಗಿ ಹಿಡಿಯೋರು ಅನ್ನು."

ಅವಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಒದ್ದೆ ಕೈಯನ್ನು ಅವನ ಕೈಯೊಳಗಿಟ್ಟಳು.

ಅವನು ಬಸ್ಸು ಹತ್ತಿದ. ಅವಳ ಅಮ್ಮನ ಮುಂದೆ ಕೂತು ಬೆವರಿದ, ಮದುವೆಗೆ ಒಪ್ಪಿಗೆಯನ್ನೂ ಪಡೆದ. ಪ್ರೀತಿಸುತ್ತೇನೆ ಎಂದು ಮಾತ್ರ ಅವಳಿಗೆ ಯಾವತ್ತೂ ಹೇಳಲಿಲ್ಲ.