ಆಕಸ್ಮಿಕವನ್ನು ಕಳೆದ ಮೇಲೆ

ಓಂಬೆಲಿನ್‌ಳನ್ನು ಅನ್ನೆಲೋರ್ ಮೊದಲ ಸಲ ಕ್ಯಾಂಟೀನಿನಲ್ಲಿ ನೋಡಿದಾಗ, ಅವಳು ಸಹೋದ್ಯೋಗಿ ಗೋತಿಯೆಯ ಕೆನ್ನೆಗೆ ಮುತ್ತಿಡುತ್ತಿದ್ದಳು.

ಒಂದೇ ಮುತ್ತು. ಬೆಲ್ಜಿಯಂನಲ್ಲಿ ಅದು ಬರೀ ನಮಸ್ಕಾರ. ಅನ್ನೆಲೋರ್‌ಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೈಯಲ್ಲಿದ್ದ ಸೂಪಿನ ಬಟ್ಟಲು ಅಲುಗಿ ಹೆಬ್ಬೆರಳು ಸುಟ್ಟಿತು.

"ನೀನೇ ಅನ್ನೆಲೋರ್ ಅಲ್ವಾ? ನಾನು ಓಂಬೆಲಿನ್. ಗೋತಿಯೆ ನಿನ್ನ ಬಗ್ಗೆ ತುಂಬಾ ಹೇಳಿದಾನೆ," ಎಂದು ಅವಳು ಅನ್ನೆಲೋರ್‌ಳ ಕೆನ್ನೆಗೂ ಒಂದು ಮುತ್ತಿಟ್ಟಳು.

ಏನು ಹೇಳಿದಾನೆ? ಕೇಳುವ ಬದಲು ಅನ್ನೆಲೋರ್ ಸುಟ್ಟ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಳು.

ಲುವ್ಯಾಂ-ಲಾ-ನವ್ ಊರಿನ ವಿಶ್ವವಿದ್ಯಾಲಯದ ಅವರ ವಿಭಾಗದಲ್ಲಿ ಒಟ್ಟು ಹದಿನಾಲ್ಕು ಜನ. ಎಲ್ಲರ ಕೆಲಸವೂ ಒಂದೇ. ದೂರವಾಣಿ ಕರೆಗಳಿರಲಿ, ರೈಲು ನಿಲ್ದಾಣಗಳಿರಲಿ, ಯಾವ ಸಂಪರ್ಕಜಾಲ ಕೊಟ್ಟರೂ ಅದರೊಳಗೆ ಯಾರು ಯಾರು ಒಂದು ಗುಂಪು ಎಂದು ಕಂಡುಹಿಡಿಯುವುದು. ಗುಂಪು ನಿಜವಾಗಿಯೂ ಗಟ್ಟಿಯೋ ಅಲ್ಲವೋ ಎಂದು ಹೇಳುವ ಅಳತೆಗೆ ಮಾಡ್ಯುಲಾರಿಟಿ ಎನ್ನುತ್ತಾರೆ. ಅನ್ನೆಲೋರ್ ಅದನ್ನೇ ಸಂಜೆ ತರಗತಿಯವರಿಗೆ ಕಲಿಸುತ್ತಿದ್ದಳು.

ಎರಡು ವರ್ಷದಿಂದ ಅವಳೂ ಗೋತಿಯೆಯೂ ಒಂದೇ ಗೋಡೆಯ ಆಚೆ ಈಚೆ ಕೂರುತ್ತಿದ್ದರು. ಅವನು ಕೆಮ್ಮಿದರೆ ಅವಳಿಗೆ ಕೇಳಿಸುತ್ತಿತ್ತು. ಅಷ್ಟರಲ್ಲೇ ಅವಳು ಸುಖವಾಗಿದ್ದಳು.

ಓಂಬೆಲಿನ್ ವಿಭಾಗಕ್ಕೆ ಬಂದ ಮೇಲೆ ಗೋಡೆಯಾಚೆಯಿಂದ ನಗು ಕೇಳತೊಡಗಿತು.

ಓಂಬೆಲಿನ್ ಅವನ ಸ್ವೆಟರಿನಿಂದ ದಾರ ಕಿತ್ತಳು... ಅನ್ನೆಲೋರ್ ನೋಡಿದಳು. ಅವನ ಪೊಟ್ಟಣದಿಂದ ಕರಿದ ಆಲೂಗಡ್ಡೆ ಎತ್ತಿಕೊಂಡಳು... ಅದನ್ನೂ ನೋಡಿದಳು. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು, ತನ್ನ ಸ್ವೆಟರಿನಲ್ಲಿ ದಾರ ಎದ್ದಿದ್ದರೂ ಕೀಳುವವರಿಲ್ಲವಲ್ಲ ಎಂದುಕೊಂಡು, ಆಮೇಲೆ ತನ್ನ ಬಗ್ಗೆಯೇ ನಾಚಿಕೊಂಡಳು.

ಆ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಮೂರು ತಿಂಗಳು ಕಾಫಿ ಕೋಣೆಯ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತಿದ್ದರು. ಯಾರು ಯಾರ ಜೊತೆ ಕಾಫಿ ಕುಡಿದರೋ, ಪ್ರತಿ ಸಲಕ್ಕೂ ಅವರ ನಡುವೆ ಒಂದು ಗೀಟು. ಕೊನೆಗೆ ಹೆಸರುಗಳ ಜಾಗದಲ್ಲಿ ಅಂಕಿ ಹಾಕಿ, ಗುಂಪು ಹುಡುಕಿ ಎಂದು ಸಂಜೆ ತರಗತಿಗೆ ಪರೀಕ್ಷೆ ಕೊಡುವುದು.

ಈ ಸಲ ಅಂಕಿ ಹಾಕಿದವಳು ಅನ್ನೆಲೋರ್. ಮೂರು ಗೋತಿಯೆ. ಏಳು ಓಂಬೆಲಿನ್. ಹನ್ನೊಂದು ತಾನು.

ಮೂರಕ್ಕೂ ಏಳಕ್ಕೂ ಹತ್ತೊಂಬತ್ತು ಗೀಟು. ಮೂರಕ್ಕೂ ಹನ್ನೊಂದಕ್ಕೂ ಒಂಬತ್ತು.

ಆ ಎರಡು ಸಂಖ್ಯೆಗಳನ್ನು ಅವಳು ಎಷ್ಟು ಸಲ ನೋಡಿದಳೋ. ಬಸ್ಸಿನಲ್ಲಿ ಕೂತಾಗಲೂ ಅವೇ, ಪಾತ್ರೆ ತೊಳೆಯುವಾಗಲೂ ಅವೇ. ಎರಡರಷ್ಟಕ್ಕಿಂತ ಹೆಚ್ಚು... ಇನ್ನೇನು ಬೇಕು ಸಾಕ್ಷಿ?

ಹಾಲೆಂಡಿನ ಉಟ್ರೆಕ್ಟ್‌ನಿಂದ ಅವಳಿಗೆ ಕೆಲಸದ ಕರೆ ಬಂದಿತ್ತು. ಶುಕ್ರವಾರದೊಳಗೆ ಉತ್ತರ ಹೇಳಬೇಕು. ಒಪ್ಪಿಗೆ ಬರೆದಿಟ್ಟಿದ್ದಳು, ಕಳಿಸಿರಲಿಲ್ಲ. ಒಮ್ಮೆ ಹೋದರೆ ಗೋಡೆಯಾಚೆಯ ಕೆಮ್ಮೂ ಇರುವುದಿಲ್ಲ, ನಗುವೂ ಇರುವುದಿಲ್ಲ.

ಶುಕ್ರವಾರ ಸಂಜೆ ತಿದ್ದಿದ ಉತ್ತರಪತ್ರಿಕೆ ಹಂಚಿದಳು. ಎಲ್ಲರೂ ಹೋದ ಮೇಲೂ ವಿವೀನ್ ಕೂತೇ ಇದ್ದಳು. ಐವತ್ತು ದಾಟಿದ ಹೆಂಗಸು, ಹಗಲು ಅಂಚೆ ಕಚೇರಿಯಲ್ಲಿ ಕೆಲಸ, ಸಂಜೆ ಓದು. ಮೂರು ಮತ್ತು ಹನ್ನೊಂದನ್ನು ಒಂದೇ ಗುಂಪಿಗೆ ಸೇರಿಸಿ, ಏಳನ್ನು ಬೇರೆ ಗುಂಪಿನಲ್ಲಿಟ್ಟಿದ್ದಳು. ಅನ್ನೆಲೋರ್ ಅದರ ಮೇಲೆ ಕಾಗದ ಹರಿಯುವಷ್ಟು ಒತ್ತಿ ಕೆಂಪು ಗೆರೆ ಎಳೆದಿದ್ದಳು.

"ಮೇಡಂ, ತಪ್ಪು ತಿಳೀಬೇಡಿ. ಮನೆಯಲ್ಲಿ ಮೂರು ಸಲ ಮಾಡಿ ನೋಡಿದ್ದೆ. ಇದು ಹೇಗೆ ತಪ್ಪಾಯ್ತು?"

ಹತ್ತೊಂಬತ್ತು ದೊಡ್ಡದೋ ಒಂಬತ್ತು ದೊಡ್ಡದೋ ಎಂದು ಅನ್ನೆಲೋರ್ ಸ್ವಲ್ಪ ಒರಟಾಗಿಯೇ ಕೇಳಿದಳು.

ವಿವೀನ್ ಬೆರಳು ಹಿಸುಕಿಕೊಂಡಳು. "ಅಂಚೆಯಲ್ಲಿ ನೋಡ್ತೀನಲ್ಲ ಮೇಡಂ. ದೊಡ್ಡ ಅಂಗಡಿಯಿಂದ ಒಂದು ಮನೆಗೆ ಹತ್ತೊಂಬತ್ತು ಪೊಟ್ಟಣ ಬಂದ್ರೆ ಅದರಲ್ಲೇನಿದೆ? ಆ ಅಂಗಡಿ ಊರಿಗೆಲ್ಲ ಕಳಿಸತ್ತೆ. ಆದ್ರೆ ಯಾರಿಗೂ ಹೆಚ್ಚು ಬರೆಯದ ಒಬ್ಬಳು ಅಜ್ಜಿ, ಇರೋ ಇಪ್ಪತ್ತನಾಲ್ಕು ಕಾಗದದಲ್ಲಿ ಒಂಬತ್ತನ್ನ ಒಂದೇ ವಿಳಾಸಕ್ಕೆ ಹಾಕಿದ್ರೆ... ಅಲ್ಲಿ ಏನೋ ಇದೆ ಅಂತ ನಮ್ಗೆ ಗೊತ್ತಾಗತ್ತೆ. ಆಕಸ್ಮಿಕವಾಗಿಯೇ ಎಷ್ಟು ಬರ್ತಿತ್ತೋ ಅದನ್ನ ಕಳೀಬೇಕು ಅಂತ ನೀವೇ ಅಲ್ವಾ ಮೊದಲ ದಿನ ಹೇಳಿದ್ದು?"

ಅನ್ನೆಲೋರ್ ಎದ್ದು ಹಲಗೆಯ ಹತ್ತಿರ ಹೋದಳು.

ಏಳರದು ಒಟ್ಟು ನೂರ ನಲವತ್ತನಾಲ್ಕು ಗೀಟು. ಎಲ್ಲರ ಜೊತೆಯೂ ಕುಡಿಯುವವಳು. ಮೂರರದು ತೊಂಬತ್ತು. ಎಲ್ಲರದೂ ಕೂಡಿಸಿದರೆ ಏಳುನೂರ ಇಪ್ಪತ್ತು. ಇಬ್ಬರದನ್ನೂ ಗುಣಿಸಿ, ಒಟ್ಟು ಮೊತ್ತದಿಂದ ಭಾಗಿಸಿದಳು. ಅವರಿಬ್ಬರು ಆಕಸ್ಮಿಕವಾಗಿಯೇ ಹದಿನೆಂಟು ಸಲ ಸೇರಬೇಕಿತ್ತು. ಸೇರಿದ್ದು ಹತ್ತೊಂಬತ್ತು. ಹೆಚ್ಚಿಗೆ, ಒಂದು.

ಹನ್ನೊಂದರದು ಬರೀ ಇಪ್ಪತ್ತನಾಲ್ಕು. ಆಕಸ್ಮಿಕವಾಗಿ ಮೂರರ ಜೊತೆ ಸೇರಬೇಕಾಗಿದ್ದು ಮೂರೇ ಸಲ. ಸೇರಿದ್ದು ಒಂಬತ್ತು.

ಆರು ಹೆಚ್ಚು...

ಅವಳು ಸೀಮೆಸುಣ್ಣ ಕೆಳಗಿಟ್ಟಳು. ಎಲ್ಲರಿಗೂ ಕಲಿಸುವವಳು ತಾನೇ ಕಳೆಯಲು ಮರೆತಿದ್ದಳು. ಮರೆತದ್ದೋ, ಬೇಡವೆಂದು ಬಿಟ್ಟದ್ದೋ?

"ನಿಮ್ಮದೇ ಸರಿ ವಿವೀನ್. ತಪ್ಪು ನನ್ನದು," ಎಂದು ಪೂರ್ತಿ ಅಂಕ ಬರೆದು, ಕ್ಷಮೆ ಕೇಳಿದಳು.

"ಅಯ್ಯೋ, ನನಗೆ ತಲೆ ಇಲ್ಲ ಅಂತ ಓದು ಬಿಡೋಣ ಅಂದ್ಕೊಂಡಿದ್ದೆ ಮೇಡಂ," ಎಂದು ವಿವೀನ್ ಕಣ್ಣೊರೆಸಿಕೊಂಡು ಹೋದಳು.

ಆ ಮಾತು ಅನ್ನೆಲೋರ್‌ಗೆ ಚುಚ್ಚಿತು. ತನ್ನ ಹೊಟ್ಟೆಕಿಚ್ಚಿಗೆ ಯಾರದೋ ಓದು ನಿಲ್ಲುತ್ತಿತ್ತಲ್ಲ...

ಗೋತಿಯೆ ತನ್ನ ಕೋಣೆಯಲ್ಲಿ ಮನೆಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದ. ಅವಳು ಬಾಗಿಲಲ್ಲೇ ನಿಂತು, ಸರಿ ಇದ್ದ ಉತ್ತರವನ್ನು ತಪ್ಪು ಎಂದು ಹೊಡೆದುಹಾಕಿದ್ದನ್ನು ಹೇಳಿದಳು. ಅಂಕಿಗಳು ಯಾರು ಯಾರು ಎಂಬುದನ್ನೂ ಹೇಳಿದಳು. ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು.

"ನಿನಗೆ ಓಂಬೆಲಿನ್ ಮೇಲೆ ಹೊಟ್ಟೆಕಿಚ್ಚಾ?" ಎಂದ ಅವನು. ನಗಲಿಲ್ಲ.

"ಹೂಂ. ಮೂರು ತಿಂಗಳಿಂದ."

"ಅವಳು ನಲ್ಲಿ ರಿಪೇರಿಯವನ ಜೊತೆನೂ ಕಾಫಿ ಕುಡೀತಾಳೆ. ನನ್ನ ಹತ್ರ ಕೂತಾಗೆಲ್ಲ ಬೈಯೋದೇ ಕೆಲಸ. ನಿನಗೆ ಹೇಳಿಬಿಡು ಅಂತ."

"ಏನನ್ನ?"

 ಅವಳು ಒಂದು ಹೆಜ್ಜೆ ಒಳಗಿಟ್ಟಳು. "ಆರು ಹೆಚ್ಚು ಇದೆ ಗೋತಿಯೆ. ಅದು ಆಕಸ್ಮಿಕ ಅಲ್ಲ ಅಂತ ಮಾತ್ರ ಲೆಕ್ಕ ಹೇಳತ್ತೆ. ಏನು ಅಂತ ಹೇಳಲ್ಲ. ಅದನ್ನ ನೀನೇ ಹೇಳಬೇಕು."

ಅವನು ಕೋಟಿನ ಗುಂಡಿಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದ.

"ನೀನು ಕಾಫಿಗೆ ಏಳೋದು ಯಾವಾಗ ಅಂತ ಯಾರಿಗೂ ಗೊತ್ತಾಗಲ್ಲ. ನಿನ್ನ ಕುರ್ಚಿ ಸರಿದ ಸದ್ದು ಕೇಳಿದ್ರೆ ನಾನೂ ಎದ್ದುಬಿಡ್ತೀನಿ. ಎಷ್ಟೋ ಸಲ ನೀನು ಕಿಟಕಿ ಹಾಕೋಕೆ ಎದ್ದಿರ್ತೀಯ. ನಾನು ಒಬ್ಬನೇ ಹೋಗಿ ಕಾಫಿ ಕೋಣೆಯಲ್ಲಿ ನಿಂತು ವಾಪಸ್ ಬರ್ತೀನಿ. ಆ ಹಾಳೆಯಲ್ಲಿ ಅದಕ್ಕೆಲ್ಲ ಗೀಟು ಹಾಕೋ ಹಾಗಿರ್ಲಿಲ್ಲ."

ಅವಳ ಕಣ್ಣು ತುಂಬಿತು.

"ನೀನು ಉಟ್ರೆಕ್ಟ್‌ಗೆ ಹೋಗ್ತೀಯ ಅಂದ್ರು. ಕೆಲಸ ಇಷ್ಟವಾಗಿ ಹೋಗೋದಾದ್ರೆ ಹೋಗು, ನಾನು ರೈಲಲ್ಲಿ ಬರ್ತೀನಿ. ತಡೀಬಾರ್ದು ಅಂತ ಸುಮ್ಮನಿದ್ದೆ. ಆದ್ರೆ ನಿನ್ನನ್ನ ಪ್ರೀತಿಸ್ತೀನಿ ಅನ್ನೋದು ಗೊತ್ತಿಲ್ಲದೆ ಹೋಗಬೇಡ."

"ಕೆಲಸ ಇಷ್ಟವಾಗಿ ಅಲ್ಲ," ಎಂದಳು ಅವಳು. "ನಿಮ್ಮಿಬ್ಬರ ನಗು ಕೇಳೋಕಾಗದೆ."

ಅವನ ಮೇಜಿನ ಮೇಲೆಯೇ ಕೂತು, ಫೋನಿನಲ್ಲಿ ಬರೆದಿಟ್ಟಿದ್ದ ಒಪ್ಪಿಗೆಯನ್ನು ಅಳಿಸಿ, ಬರಲಾಗುವುದಿಲ್ಲವೆಂದು ಎರಡು ಸಾಲು ಬರೆದು ಕಳಿಸಿದಳು. ಆಮೇಲೂ ಏಳಲಿಲ್ಲ. ಅವನು ಪಕ್ಕದಲ್ಲಿ ನಿಂತು, ಕೇಳಲೋ ಬೇಡವೋ ಎಂಬಂತೆ ಅವಳ ಭುಜದ ಮೇಲೆ ಕೈಯಿಟ್ಟ.

"ನಾಳೆ ಶನಿವಾರ," ಎಂದ. "ಕಾಫಿ ಕೋಣೆಗೆ ಬೀಗ."

"ನಮ್ಮನೆಗೆ ಬಾ. ನಾನು ಮಾಡೋ ಕಾಫಿ ಚೆನ್ನಾಗಿರಲ್ಲ, ಈಗಲೇ ಹೇಳಿರ್ತೀನಿ."

"ಎಷ್ಟು ಹೊತ್ತಿಗೆ ಬರ್ಲಿ?"

ಅವಳು ಅವನ ಕೈಮೇಲೆ ಕೆನ್ನೆಯಿಟ್ಟಳು. "ಬೇಗ ಬಾ."