ಅವಳ ಎಡಗಡೆ

"ನನಗೆ ಮಾತು ಹೇಳಿಕೊಡೋಕೆ ನೀವ್ಯಾರ್ರೀ?"

ಸೀರಿಯಲ್ ಸೆಟ್ಟಿನಲ್ಲಿ ಅವಳಿಗದು ಮೊದಲ ದಿನ. ಮೊದಲ ದಿನವೇ ಈ ಅವಾಂತರ! ಲೈಟಿನವರು, ಮೇಕಪ್ಪಿನವರು, ಅತ್ತೆ ಪಾತ್ರದ ಹಿರಿಯ ನಟಿ... ಎಲ್ಲರೂ ತಿರುಗಿ ನೋಡಿದರು.

ಕ್ಯಾಮೆರಾ ಪಕ್ಕ ಸ್ಕ್ರಿಪ್ಟ್ ಹಿಡಿದು ನಿಂತಿದ್ದವನ ಕಿವಿ ಕೆಂಪಾಯಿತು. ಪ್ರತಿ ಸಾಲನ್ನೂ ಮೊದಲು ಅವನು ಹೇಳಬೇಕು, ಅದನ್ನು ಕೇಳಿಸಿಕೊಂಡು ನಟರು ಹೇಳಬೇಕು. ಅವನ ದನಿಯನ್ನು ಆಮೇಲೆ ಅಳಿಸಿಬಿಡುತ್ತಾರೆ. ಶಾಲೆಯಲ್ಲಿ ಮಗ್ಗಿ ಹೇಳಿಸುವಂತಿದ್ದ ಆ ಕೆಲಸಕ್ಕೆ ಯೂನಿಟ್ಟಿನವರು ಅವನಿಗಿಟ್ಟ ಹೆಸರು ಮೇಷ್ಟ್ರು.

"ಹನ್ನೊಂದು ವರ್ಷ ನಾಟಕ ಮಾಡಿದ್ದೀನಿ. ನನ್ನ ಮಾತು ನನಗೆ ಬಾಯಿಪಾಠ. ಬೇರೆಯವರಿಗೆ ಹೇಳಿಕೊಡಿ, ನನಗೆ ಬೇಡ!" ಎಂದವಳೇ ತಿರುಗಿಯೂ ನೋಡದೆ ಹೊರಟುಹೋದಳು.

ಅಷ್ಟೊಂದು ಜಂಬವೇ? ಹಾಗೆಂದುಕೊಂಡವರೇ ಹೆಚ್ಚು. ಆದರೆ ಆ ಜಂಬದ ಹಿಂದೆ ನಡುಗುತ್ತಿದ್ದ ಗುಟ್ಟು ಗೊತ್ತಿದ್ದದ್ದು ಅವಳ ಅಕ್ಕನೊಬ್ಬಳಿಗೇ.

ಎರಡು ವರ್ಷದ ಹಿಂದೆ ಬಂದ ಜ್ವರ ಅವಳ ಎಡಗಿವಿಯನ್ನು ಹೊತ್ತುಕೊಂಡು ಹೋಗಿತ್ತು. ಪೂರ್ತಿ. ಇನ್ನು ಬರುವುದಿಲ್ಲ ಎಂದಿದ್ದರು ಡಾಕ್ಟರು.

ನಾಟಕದಲ್ಲಿ ಹೇಗೋ ನಡೆಯುತ್ತಿತ್ತು. ಎರಡು ತಿಂಗಳು ತಾಲೀಮು ಮಾಡಿದರೆ ಯಾರು ಯಾವಾಗ ಎಲ್ಲಿರುತ್ತಾರೆ ಎಂಬುದು ಕಾಲಿಗೇ ಗೊತ್ತಿರುತ್ತದೆ. ಸೀರಿಯಲ್‌ನಲ್ಲಿ ಹಾಗಲ್ಲ. "ನೀವಿಲ್ಲಿ ನಿಲ್ಲಿ, ನೀವಲ್ಲಿ ನಿಲ್ಲಿ, ಆಕ್ಷನ್!" ಅಷ್ಟೇ. ಎಡಗಡೆಯಿಂದ ಹೇಳಿಕೊಟ್ಟ ಸಾಲು ಕೇಳಿಸದಿದ್ದರೆ, ಅಲ್ಲಿ ನಿಂತವರು ಮಾತು ಮುಗಿಸಿದ್ದು ಗೊತ್ತಾಗದಿದ್ದರೆ ಮುಗಿಯಿತು ಕಥೆ! ನಾಟಕ ತಂಡ ಬಾಗಿಲು ಹಾಕಿದ ಮೇಲೆ ಅವಳಿಗೆ ಉಳಿದಿದ್ದದ್ದು ಈ ಹಿರಿಸೊಸೆಯ ಪಾತ್ರವೊಂದೇ. ಕಿವಿಯ ವಿಷಯ ಹೊರಬಿದ್ದರೆ ಅದೂ ಇಲ್ಲ.

ಆಶ್ಚರ್ಯವೆಂದರೆ, ಐದು ತಿಂಗಳು ಕಳೆದರೂ ಅವಳಿಂದ ಒಂದು ಶಾಟ್ ಕೂಡ ಕೆಡಲಿಲ್ಲ. ಎಲ್ಲ ತನ್ನದೇ ಜಾಣತನ ಎಂದುಕೊಂಡು ಬೀಗಿದಳು, ಪಾಪ!

ಆ ಐದು ತಿಂಗಳಲ್ಲಿ ಇನ್ನೊಂದು ಎಡವಟ್ಟೂ ಆಗಿತ್ತು. ಸೆಟ್ಟಿನ ಗಲಾಟೆಯಲ್ಲಿ ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದದ್ದು ಮೇಷ್ಟ್ರ ದನಿಯೊಂದೇ. ತಗ್ಗಿದ, ಅವಸರವಿಲ್ಲದ ದನಿ. ಅವನು ರಜೆ ಹಾಕಿದ ದಿನ ಅವಳಿಗೆ ಟೀ ಕೂಡ ರುಚಿಸಲಿಲ್ಲ.

'ಛೆ! ನನಗೇನಾಗಿದೆ?'

ಆಮೇಲೆ ಶುರುವಾಯಿತು ಅನುಮಾನ.

ಅವಳು ಎಲ್ಲಿ ಕೂತರೂ ಅವನು ಬಲಗಡೆಗೇ ಬರುತ್ತಿದ್ದ. ಒಂದು ದಿನವೂ ಎಡಗಡೆ ಸುಳಿದವನಲ್ಲ. ಅವಳತ್ತ ನೋಡಿ ಸ್ಕ್ರಿಪ್ಟಿನಲ್ಲಿ ಕೆಂಪು ಪೆನ್ಸಿಲಿನಿಂದ ಏನೋ ಗೀಚುತ್ತಿದ್ದ. ಪ್ರತಿ ಶಾಟ್‌ಗೂ ಮುಂಚೆ ಡೈರೆಕ್ಟರ ಬಳಿ ಹೋಗಿ ಗುಸುಗುಸು. ಅವಳು ನೋಡಿದ ಕೂಡಲೇ ಬಾಯಿಗೆ ಬೀಗ!

'ಏನು ಚಾಡಿ ಹೇಳ್ತಿದ್ದಾನೆ? ಇವನಿಗೆ ಗೊತ್ತಾಗಿಬಿಟ್ಟಿದೆಯಾ?'

ಅದೇ ವಾರ ಸೀರಿಯಲ್ಲಿನ ಆಫೀಸಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಅವಳಷ್ಟೇ ಎತ್ತರ, ಅವಳ ಹಾಗೇ ತುರುಬು. "ನಿನ್ನ ಅಚ್ಚು ಹಾಕಿದ ಹಾಗಿದ್ದಾಳೆ ಕಣೇ!" ಎಂದರು ಅತ್ತೆ ಪಾತ್ರದ ಹಿರಿಯರು, ವೀಳ್ಯದೆಲೆ ಮಡಿಸಿದಷ್ಟು ನಿರಾಳವಾಗಿ.

ತನ್ನ ಜಾಗಕ್ಕೆ ಬದಲಿ ಹುಡುಗಿ... ಬಂದೇಬಿಟ್ಟಳು!

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೇಷ್ಟ್ರ ಸ್ಕ್ರಿಪ್ಟ್ ಕುರ್ಚಿಯ ಮೇಲಿತ್ತು. ಅತ್ತಿತ್ತ ನೋಡಿ ತೆರೆದಳು. ಅವಳಿದ್ದ ಪ್ರತಿ ಸೀನಿನ ಪಕ್ಕವೂ ಒಂದು ಸೊನ್ನೆ, ಸೊನ್ನೆಯೊಳಗೆ ಅವಳ ಪಾತ್ರದ ಮೊದಲ ಅಕ್ಷರ. ಸೊನ್ನೆಯ ಎಡಗಡೆಗೆ ಕೆಂಪಗೆ ಒಂದು ಕಾಟು ಗುರುತು. ಪುಟ ತಿರುಗಿಸಿದರೆ ಮತ್ತೆ ಸೊನ್ನೆ, ಮತ್ತೆ ಎಡಗಡೆ ಕಾಟು. ಐದು ತಿಂಗಳ ಲೆಕ್ಕ, ತಾರೀಖಿನ ಸಮೇತ!

ಗುಮ್ಮನಗುಸುಕ! ಸಾಕ್ಷಿ ಕೂಡಿಹಾಕುತ್ತಿದ್ದಾನೆ!

ಕಣ್ಣು ಮಂಜಾಯಿತು. ಕೆಲಸ ಹೋಗುವುದಕ್ಕಿಂತ ಹೆಚ್ಚಾಗಿ, ಅದನ್ನು ಮಾಡುತ್ತಿರುವವನು ಇವನು ಎಂಬುದೇ ನುಂಗಲಾರದ ತುತ್ತಾಗಿತ್ತು. ನಾಳೆಯ ಪುಟಗಳೂ ಸೇರಿ ಆ ಕಟ್ಟನ್ನು ತನ್ನ ಬ್ಯಾಗಿಗೆ ತುರುಕಿಕೊಂಡಳು.

ಸಂಜೆ ಅಕ್ಕ ತಲೆ ಚಚ್ಚಿಕೊಂಡಳು. "ಅವನನ್ನೇ ಒಂದು ಮಾತು ಕೇಳಬಾರದಿತ್ತೇನೇ?"

"ಕಳ್ಳನ್ನ ಕದ್ದೆಯಾ ಅಂತ ಕೇಳ್ತಾರಾ ಅಕ್ಕಾ?"

"ಈಗ ಕದ್ದಿರೋಳು ನೀನು ಕಣೇ!"

ಅವಳು ಬ್ಯಾಗಿನ ಜಿಪ್ ಎಳೆದು ಮುಚ್ಚಿದಳು.

ಮರುದಿನ ಬೆಳಿಗ್ಗೆ ಮೇಷ್ಟ್ರು ಕುರ್ಚಿ, ಪೆಟ್ಟಿಗೆ, ಪರದೆಯ ಹಿಂದೆ ಎಲ್ಲ ತಡಕಾಡುತ್ತಿದ್ದ. ಮುಖ ಬಿಳುಚಿಕೊಂಡಿತ್ತು. 'ಹುಡುಕಲಿ' ಎಂದುಕೊಂಡಳು ಅವಳು. ಕಾದು ಸುಸ್ತಾದ ಡೈರೆಕ್ಟರು ಅವನ ಕೈಗೆ ಬೇರೊಂದು ಪ್ರತಿ ತುರುಕಿ, ತಾವೇ ಎಲ್ಲರನ್ನೂ ನಿಲ್ಲಿಸಿದರು. ಇಡೀ ಕುಟುಂಬ ಸೇರಿ ಒಟ್ಟಿಗೇ ಕೂಗಾಡುವ ದೃಶ್ಯ. ಅತ್ತೆ ಅವಳ ಎಡಗಡೆ, ಎರಡು ಹೆಜ್ಜೆ ಹಿಂದೆ. ಅತ್ತೆ ಬೈದು ಮುಗಿಸಿದ ಕೂಡಲೇ ಅವಳು ಗಕ್ಕನೆ ತಿರುಗಬೇಕು.

"ಆಕ್ಷನ್!"

ಅವಳು ಕಾದಳು. ಕಾಯುತ್ತಲೇ ಇದ್ದಳು...

"ಕಟ್! ಏನಮ್ಮಾ, ತಿರುಗ್ಬೇಕಲ್ವಾ?"

ಎರಡನೇ ಸಲ ಮುಂಚೆಯೇ ತಿರುಗಿದಳು. ಮೂರನೇ ಸಲ ತಡವಾಗಿ. ನಾಲ್ಕನೇ ಸಲ ತಿರುಗದೆ ನಿಂತೇಬಿಟ್ಟಳು. ಮೇಷ್ಟ್ರ ದನಿಯೂ ಇಂದು ಎಲ್ಲೋ ಗುಂಪಿನಾಚೆ ಇತ್ತು. ಹಣೆಯ ಬೆವರು ಮೇಕಪ್ಪಿನ ಮೇಲೆ ಇಳಿಯಿತು.

ಡೈರೆಕ್ಟರು ಸಿಡಿದರು. "ಇವತ್ತು ಏನಾಗಿದೆ ನಿಮಗೆ?!"

"ಸಾರ್..." ಗುಂಪನ್ನು ಸೀಳಿಕೊಂಡು ಮೇಷ್ಟ್ರು ಬಂದ. ಬಂದು ನಿಂತದ್ದು ಅವಳ ಬಲಗಡೆಗೇ. "ತಪ್ಪು ನಂದು ಸಾರ್. ನಾನೇ ಸಾಲು ಸರಿಯಾಗಿ ಹೇಳ್ಲಿಲ್ಲ. ಅತ್ತೆಯವರನ್ನ ಈ ಕಡೆ ನಿಲ್ಸಿ. ಬೆಳಕೂ ಚೆನ್ನಾಗಿ ಬೀಳುತ್ತೆ."

"ದಿನಾ ಇದೇ ರಾಗ ನಿಂದು!" ಡೈರೆಕ್ಟರು ಕೂಗಿದರು. "ಒಂದಿನ ಬೆಳಕು, ಒಂದಿನ ನೆರಳು, ಒಂದಿನ ಕಂಬ ಅಡ್ಡ! ಐದು ತಿಂಗಳಿಂದ ಏನೋ ಒಂದು ನೆಪ ಹೇಳಿ ಎಲ್ಲರನ್ನೂ ಇವರ ಬಲಗಡೆಗೇ ತಂದು ನಿಲ್ಲಿಸ್ತೀಯ! ಡೈರೆಕ್ಟರ್ ನಾನಾ, ನೀನಾ? ನಾಳೆಯಿಂದ ಬರ್ಬೇಡ ಹೋಗು!"

ಅವಳಿಗೆ ಪ್ರತಿ ಅಕ್ಷರವೂ ಕೇಳಿಸಿತು.

ಎಡಗಡೆಗೆ ಕಾಟು... ಅದು ಸಾಕ್ಷಿಯಲ್ಲ. ಅಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಲು ಅವನು ತನಗೇ ಹಾಕಿಕೊಂಡಿದ್ದ ಗುರುತು! ಆ ಪುಟಗಳು ಈಗ ಅವಳ ಬ್ಯಾಗಿನಲ್ಲಿವೆ. ಅವಳೇ ಕದ್ದಿದ್ದಾಳೆ.

ಮೇಷ್ಟ್ರು ತಲೆ ತಗ್ಗಿಸಿ ಹೊರಟ. ಅವಳ ಕಿವಿಯ ಬಗ್ಗೆ ಒಂದು ಮಾತಾಡಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಆಡಲಿಲ್ಲ.

"ಸಾರ್!" ಅವಳು ಮುಂದೆ ಬಂದಳು. "ಅವರನ್ನ ಕಳಿಸ್ಬೇಡಿ. ನನಗೆ... ನನಗೆ ಎಡಗಿವಿ ಕೇಳಿಸಲ್ಲ. ಎರಡು ವರ್ಷ ಆಯ್ತು. ಮುಚ್ಚಿಟ್ಟೋಳು ನಾನು. ಅವರ ಸ್ಕ್ರಿಪ್ಟ್ ಕದ್ದೋಳೂ ನಾನೇ."

ಮೊದಲು ಬಾಯಿಬಿಟ್ಟವರು ಅತ್ತೆ. "ಅಯ್ಯೋ ರಾಮಾ! ಹಾಗಾದ್ರೆ ಇಷ್ಟು ಹೊತ್ತು ಗಂಟಲು ಹರಕೊಂಡು ಬೈದಿದ್ದು ಒಂದೂ ಕೇಳಿಸ್ಲಿಲ್ವೇನೇ ನಿಂಗೆ?"

ಯಾರೋ ಕಿಸಕ್ಕೆಂದರು. ಡೈರೆಕ್ಟರು ಮಾತ್ರ ನಗಲಿಲ್ಲ.

"ಚಾನೆಲ್‌ನವರಿಗೆ ನಾನು ಹೇಳ್ಲೇಬೇಕಾಗುತ್ತೆ. ಅವರೇನಂತಾರೋ ನನಗೆ ಗೊತ್ತಿಲ್ಲಮ್ಮ." ಆಮೇಲೆ ಬಾಗಿಲ ಕಡೆ ತಿರುಗಿ, "ಮೇಷ್ಟ್ರೇ, ಎಲ್ಲಿಗ್ರೀ ಹೊರಟ್ರಿ? ಬನ್ನಿ, ಇವರನ್ನೆಲ್ಲ ಎಲ್ಲಿ ನಿಲ್ಲಿಸ್ಬೇಕೋ ನಿಲ್ಲಿಸಿ. ಈ ಶಾಟ್ ಮುಗಿಸೋಣ!" ಎಂದರು.

ಶಾಟ್ ಒಂದೇ ಸಲಕ್ಕೆ ಓಕೆ ಆಯಿತು.

ಬಿಡುವಿನಲ್ಲಿ ಅವಳು ಮೇಕಪ್ ಕೋಣೆಯ ಹೊರಗಿನ ಬೆಂಚಿಗೆ ಬಂದಳು. ಅವನು ಅಲ್ಲಿದ್ದ. ಪಕ್ಕ ಕೂತು ಸ್ಕ್ರಿಪ್ಟನ್ನು ಅವನ ಮುಂದೆ ಹಿಡಿದಳು.

"ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ ಕ್ಷಮೆ ಕೇಳ್ದೆ. ನಿಮ್ಮ ಎಡಗಡೆಯಿಂದ. ನೀವು ತಿರುಗಿಯೂ ನೋಡ್ಲಿಲ್ಲ. ಎಂಥಾ ಕೊಬ್ಬು ಅಂದ್ಕೊಂಡೆ..." ಅವನು ನಾಚಿ ನಕ್ಕ. "ಮಾರನೇ ದಿನ ನಿಮ್ಮ ಪಕ್ಕ ಲೈಟ್ ಸ್ಟ್ಯಾಂಡ್ ವಾಲಿ ಬೀಳ್ತಾ ಇತ್ತು. ಅದೇ ಕಡೆಯಿಂದ ಎಲ್ಲರೂ ಕೂಗಿದ್ರು. ನೀವು ಬಲಗಡೆಗೆ ತಿರುಗಿ ಹುಡುಕಿದ್ರಿ, ಕದಲಲೇ ಇಲ್ಲ. ಆಗ ಗೊತ್ತಾಯ್ತು."

"ಆ ಹೊಸ ಹುಡುಗಿ?"

"ನಿಮ್ಮ ತಂಗಿ ಪಾತ್ರಕ್ಕೆ ಕಣ್ರೀ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಜೊತೆಗೆ ಕೋಪವೂ. "ನನಗ್ಯಾಕೆ ಹೇಳ್ಲಿಲ್ಲ? ಒಂದು ವಾರದಿಂದ ನಾನು ಪಟ್ಟ ಪಾಡು ನನಗೇ ಗೊತ್ತು. ನಿಮ್ಮನ್ನ ಎಷ್ಟು ಶಪಿಸಿದ್ದೀನಿ ಗೊತ್ತಾ?"

"ಹೇಳಿದ್ರೆ ಬಿಟ್ಟು ಹೋಗ್ತೀರೇನೋ ಅಂತ ಭಯ. ತಪ್ಪಾಯ್ತು. ಕೇಳ್ಬೇಕಿತ್ತು."

"ಇದನ್ನೆಲ್ಲ ಕೆಲಸ ಅಂತ ಮಾಡಿದ್ರಾ?"

"ಮೊದಲನೇ ವಾರ ಕೆಲಸ ಅಂತಾನೇ."

"ಆಮೇಲೆ?"

ಊರಿಗೆಲ್ಲ ಮಾತು ಹೇಳಿಕೊಡುವವನ ನಾಲಿಗೆ ಒಣಗಿತ್ತು. ಅವಳು ಕಾದಳು. ಈ ಸಲ ಅವಳಿಗೆ ಅವಸರವಿರಲಿಲ್ಲ.

"ಆಮೇಲೆ... ನೀವು ಅಂದ್ರೆ ಇಷ್ಟ ಆಯ್ತು. ತುಂಬಾ."

"ನನಗೂ. ನೀವು ರಜೆ ಹಾಕಿದ ದಿನಾನೇ ಗೊತ್ತಾಗಿತ್ತು. ಅದಕ್ಕೇ ಅಷ್ಟು ನೋವಾಯ್ತು."

ಒಳಗಿನಿಂದ ಕರೆ ಬಂತು. ಇಬ್ಬರೂ ಎದ್ದರು. ಅವನು ಎಂದಿನಂತೆ ಅವಳ ಬಲಗಡೆಗೆ ಬಂದ. ಅವಳು ಅವನ ತೋಳು ಹಿಡಿದು ತನ್ನ ಎಡಕ್ಕೆ ತಂದು ನಿಲ್ಲಿಸಿಕೊಂಡಳು.

"ಇಲ್ಲಿಂದ ನಾನು ಮಾತಾಡಿದ್ರೆ ನಿಮಗೆ ಕೇಳಿಸಲ್ವಲ್ಲ..." ಎಂದ ಅವನು, ಅವಳಿಗೆ ಕಾಣುವಂತೆ ಮುಂದೆ ಬಾಗಿ.

"ಗೊತ್ತು. ಎರಡು ವರ್ಷದಿಂದ ಈ ಕಡೆ ಯಾರು ಬಂದ್ರೂ ಭಯ ನನಗೆ." ಅವಳು ಅವನ ಕೈ ಬಿಡಲಿಲ್ಲ. "ನೀವಿರಿ."